ಗಾಳ ಕಟ್ಟಿಸಿಕೊಂಡ ಉದ್ಧರಣೆ

ನಾನು ಒಂದು ಉದ್ಧರಣೆ. ಪೂಜೆಯ ಪಂಚಪಾತ್ರೆಯಲ್ಲಿ ನಿಂತು, ನೀರೆತ್ತಿ ಅಂಗೈಗೆ ಹಾಕುವ ಪುಟ್ಟ ತಾಮ್ರದ ಚಮಚ. ಈಗ ನನ್ನನ್ನು ನೋಡಿದರೆ ನೀವು ಹಾಗೆನ್ನಲಾರಿರಿ. ಬಾಲವಿಲ್ಲ. ಮೈಯಲ್ಲಿ ಎರಡು ತೂತು, ಒಂದು ತೂತಿಗೆ ಮೀನಿನ ಗಾಳ. ಮಡಿಯಲ್ಲಿ ಬದುಕಿದ ನನಗೆ ಈ ಗತಿ ಹೇಗೆ ಬಂತೆಂದು ಹೇಳುತ್ತೇನೆ. ಆದರೆ ನಾನು ಹುಟ್ಟಾ ಪುಕ್ಕಲು ಎಂಬುದು ಮೊದಲೇ ನಿಮಗೆ ತಿಳಿದಿರಲಿ.

ನಾಗಮಂಗಲದ ಕಂಚುಗಾರರೊಬ್ಬರ ಮನೆಯಲ್ಲಿ ನನ್ನ ಜನನ. ಕುಲುಮೆಯಲ್ಲಿ ಕಾಯುವಾಗ ಕರಗಿಹೋಗುತ್ತೇನೆಂದು ಹೆದರಿದೆ. ಸುತ್ತಿಗೆ ಬಿದ್ದಾಗ ಸೀಳಿಹೋಗುತ್ತೇನೆಂದು ಹೆದರಿದೆ. ಕಂಚುಗಾರರು ಬಾಲದ ತುದಿಯಲ್ಲಿ ಹಾವಿನ ಹೆಡೆಯನ್ನು ಬಡಿದು ಮಾಡಿದರು. ನನ್ನ ಹೆಡೆಯನ್ನು ಕಂಡು ನಾನೇ ಬೆಚ್ಚಿದೆ.

ಭಾಗೀರತಮ್ಮನವರ ಮದುವೆಯಲ್ಲಿ ನನ್ನನ್ನು ಉಡುಗೊರೆ ಕೊಟ್ಟರು. ಹಾಗೆ ಮೈಸೂರಿನ ಮನೆಯೊಂದರ ದೇವರ ಗೂಡಿಗೆ ಬಂದೆ. ಯಜಮಾನರು ಲಕ್ಷ್ಮೀಪತಯ್ಯನವರು. ಬೆಳಿಗ್ಗೆ ಸ್ನಾನ ಮುಗಿಸಿ, ಕೇಶವ, ನಾರಾಯಣ, ಮಾಧವ ಎಂದು ನನ್ನಿಂದ ನೀರೆತ್ತಿ ಆಚಮನ ಮಾಡುತ್ತಿದ್ದರು. ಅವರ ಕೈ ಬೆಚ್ಚಗಿರುತ್ತಿತ್ತು. ಅಷ್ಟು ಸುಖದಲ್ಲೂ ನನಗೊಂದು ಚಿಂತೆ. ಒಮ್ಮೆ ಗೂಡಿನಲ್ಲಿದ್ದ ಪುಟ್ಟ ವಿಗ್ರಹವೊಂದು ಬಿದ್ದು ಬಿರುಕುಬಿಟ್ಟಿತ್ತು. ಭಾಗೀರತಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ, "ಭಿನ್ನ ಆಗಿದ್ದು ಮನೇಲಿರಬಾರದು, ಹರಿಯೋ ನೀರಿಗೆ ಬಿಟ್ಟುಬಿಡಿ" ಎಂದು ಗಂಡನ ಕೈಗೆ ಕೊಟ್ಟರು. ಆ ವಿಗ್ರಹ ಮತ್ತೆ ಬರಲಿಲ್ಲ. ಅಂದಿನಿಂದ ಯಜಮಾನರ ಬೆರಳು ಕೊಂಚ ಸಡಿಲವಾದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಕೊನೆಗೆ ಹೆದರಿದ್ದೇ ಆಯಿತು. ಲಕ್ಷ್ಮೀಪತಯ್ಯನವರು ಹಾಸಿಗೆ ಹಿಡಿದರು. ಉಸಿರು ಮೇಲೆ ಕೆಳಗೆ ಆಗುತ್ತಿದ್ದಾಗ ಭಾಗೀರತಮ್ಮ ಗಂಗೆಯ ತಂಬಿಗೆಯ ಬೆಸುಗೆ ಒಡೆದು, ನನ್ನಲ್ಲಿ ನೀರೆತ್ತಿ ಗಂಡನ ಬಾಯಿಗೆ ಹಾಕಿದರು. ಒಂದು ಹನಿ ತುಟಿಯಂಚಿನಲ್ಲೇ ಉಳಿಯಿತು. ಅದು ಒಳಗಿಳಿಯಲಿಲ್ಲ ಎಂದು ಅವರಿಗೆ ಅರ್ಥವಾದ ಕ್ಷಣ ನಾನು ಅವರ ಕೈಯಿಂದ ಜಾರಿ ನೆಲಕ್ಕೆ ಬಿದ್ದೆ. ವರ್ಷಗಟ್ಟಲೆ ಸವೆದಿದ್ದ ಕುತ್ತಿಗೆ ಮುರಿಯಿತು. ಹೆಡೆಯ ಬಾಲ ಒಂದು ಕಡೆ, ನೀರೆತ್ತುವ ಬಟ್ಟಲು ಒಂದು ಕಡೆ. ಆ ಗದ್ದಲದಲ್ಲಿ ನಮ್ಮನ್ನು ಎತ್ತಿಟ್ಟವನು ಮಗ ಫಣಿ.

ಅಸ್ಥಿ ಬಿಡಲು ಫಣಿ ಶ್ರೀರಂಗಪಟ್ಟಣಕ್ಕೆ ಹೊರಟಾಗ ತಾಯಿ, "ಆ ಮುರಿದ ಉದ್ಧರಣೇನೂ ನೀರಿಗೆ ಬಿಡೋ. ಇಟ್ಕೋಬೇಡ, ಅವರಿಗೆ ಸದ್ಗತಿ ಸಿಗಬೇಕು" ಎಂದರು. ಫಣಿ ಕಾವೇರಿಯಲ್ಲಿ ನಿಂತು ಅಸ್ಥಿ ಬಿಟ್ಟ. ಬಾಲವನ್ನೂ ಬಿಟ್ಟ. ಬಟ್ಟಲನ್ನು ಹಿಡಿದ ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಮನೆಗೆ ಬಂದ ಮೇಲೆ ತಾಯಿ ಕೇಳಿದರು: "ಬಿಟ್ಟೆಯೇನೋ?"

"ಬಿಟ್ಟೆ, ಅಮ್ಮ."

ಧರ್ಮರಾಯನ ಅರ್ಧ ಸತ್ಯ. ಉಳಿದರ್ಧ ಅವನ ಜೇಬಿನಲ್ಲಿ ಬೆವರುತ್ತಿತ್ತು.

ಫಣಿಗೆ ನೀಲಗಿರಿಯ ಚಹಾ ತೋಟವೊಂದರ ಆಫೀಸಿನಲ್ಲಿ ಕೆಲಸ. ತಾಯಿಯನ್ನೂ ಅಲ್ಲಿಗೇ ಕರೆದುಕೊಂಡು ಹೋದ. ನಾನು ಅವನ ಮೇಜಿನ ಡ್ರಾಯರು ಸೇರಿದೆ. ಅಲ್ಲಿನ ತೊರೆಗಳಲ್ಲಿ ಟ್ರೌಟ್ ಎಂಬ ಮೀನಿದೆ. ಹಿಂದೆ ಬಿಳಿಯರು ಅದರ ಮೊಟ್ಟೆಗಳನ್ನು ಹಡಗಿನಲ್ಲಿ ತರಿಸಿ ಆ ತಣ್ಣೀರಿನಲ್ಲಿ ಬೆಳೆಸಿದರಂತೆ. ಆಫೀಸಿನ ಗೆಳೆಯ ಭೋಜರಾಜ್ ಆ ಬೆಟ್ಟದವರೇ, ಬಡಗ ಜನಾಂಗದವರು. ಅವರು ಫಣಿಗೆ ಗಾಳದ ಹುಚ್ಚು ಹಿಡಿಸಿದರು. ಭಾನುವಾರ ಬಂತೆಂದರೆ ಇಬ್ಬರೂ ಪರವಾನಗಿ ಚೀಟಿ ಹಿಡಿದು ತೊರೆಗೆ ಹೊರಡುವರು. ಫಣಿ ಹಿಡಿದ ಮೀನನ್ನು ಗಾಳ ಬಿಡಿಸಿ ನೀರಿಗೇ ಬಿಟ್ಟು ಬರುತ್ತಿದ್ದ. ಭಾಗೀರತಮ್ಮನಿಗೆ ಇದು ಗೊತ್ತಿತ್ತು. "ಶೃಂಗೇರಿಯಲ್ಲಿ ಜನ ಮೀನಿಗೆ ಪುರಿ ಹಾಕಿ ಪುಣ್ಯ ಕಟ್ಕೊಳ್ತಾರೆ. ನನ್ನ ಮಗ ಕಬ್ಬಿಣ ತಿನ್ನಿಸಿ ಬರ್ತಾನೆ" ಎಂದು ಛೇಡಿಸುತ್ತಿದ್ದರು.

ಅಲ್ಲಿ ಎರೆಹುಳುವಿನ ಕೆಲಸವಿಲ್ಲ. ಮೀನಿಗೆ ತೋರಿಸುವುದು ಹುಸಿ ಎರೆ, ಲೂರ್. ಅದರಲ್ಲಿ ಒಂದು ಜಾತಿಗೆ ಸ್ಪೂನ್ ಎಂದೇ ಹೆಸರು. ಹಿಡಿಯಿಲ್ಲದ ಚಮಚದ ಹಾಗಿರುತ್ತದೆ, ನೀರಿನಲ್ಲಿ ಎಳೆದರೆ ಗಾಯಗೊಂಡ ಮರಿಮೀನಿನಂತೆ ಓಲಾಡುತ್ತದೆ. ಫಣಿಯ ಹತ್ತಿರವಿದ್ದ ತಾಮ್ರದ ಸ್ಪೂನ್ ಒಂದು ದಿನ ಬಂಡೆಯ ಸಂದಿಗೆ ಸಿಕ್ಕಿ ಹೋಯಿತು. ಡ್ರಾಯರ್ ಎಳೆದವನು ನನ್ನನ್ನು ನೋಡಿದ. ನೋಡುತ್ತಲೇ ನಿಂತ. ಅವನ ತಲೆಗೆ ಬಂದದ್ದು ನನ್ನ ಎದೆ ನಡುಗಿಸಿತು. ಆದರೆ ಕೂಗಲು ನನಗೆ ಬಾಯೆಲ್ಲಿದೆ? ಆಚೀಚೆ ತೂತು ಕೊರೆದ. ಒಂದಕ್ಕೆ ದಾರ ಕಟ್ಟುವ ಉಂಗುರ, ಇನ್ನೊಂದಕ್ಕೆ ಗಾಳ.

"ಇದ್ಯಾವ ಕಂಪನಿ ಸ್ಪೂನು ಸಾರ್?" ಎಂದರು ಭೋಜರಾಜ್.

"ನಮ್ಮ ಮನೇದೇ" ಎಂದ ಫಣಿ.

ಲೂರುಗಳ ಡಬ್ಬಿಯಲ್ಲಿ ನನಗೆ ಹೊಸ ನೆಂಟರು ಸಿಕ್ಕರು. ತಗಡು ಗಿರಗಿರ ತಿರುಗುವ ಬೆಳ್ಳಿಬಣ್ಣದ ಸ್ಪಿನ್ನರ್, ಬಣ್ಣ ಬಳಿದ ಮರದ ಮೀನು, ಪುಕ್ಕ ಕಟ್ಟಿದ ನೊಣ. ಮುಚ್ಚಳ ತೆರೆದಾಗಲೆಲ್ಲ ಇವತ್ತು ಯಾರ ಸರದಿಯೋ ಎಂದು ಎಲ್ಲರಿಗೂ ಆತಂಕ. ಭೋಜರಾಜ್ ಹೇಳುತ್ತಿದ್ದ ಲೆಕ್ಕ ಸರಳವಾಗಿತ್ತು: "ಕಲಕು ನೀರಿಗೆ ಬೆಳ್ಳಿ, ತಿಳಿನೀರಿಗೆ ತಾಮ್ರ." ತಿಳಿನೀರಿನಲ್ಲಿ, ಬಿಸಿಲಿನಲ್ಲಿ, ಹೆಚ್ಚು ಹೊಳೆದರೆ ಮೀನು ಬೆದರುತ್ತದೆ. ನೀರು ಮಣ್ಣಾಗಿದ್ದರೆ ಹೊಳಪಿಲ್ಲದ್ದು ಅದರ ಕಣ್ಣಿಗೇ ಬೀಳುವುದಿಲ್ಲ. ಟ್ರೌಟ್ ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುವ ಮೀನು. ಆದ್ದರಿಂದ ನಮ್ಮನ್ನು ಮೇಲ್ಗಡೆಗೆ ಎಸೆದು, ಹರಿವಿಗಿಂತ ಚೂರು ಬೇಗ ಎಳೆಯಬೇಕು. ನಡುವೆ ಒಮ್ಮೆ ನಿಲ್ಲಿಸಬೇಕು. ಆ ನಿಂತ ಗಳಿಗೆಯಲ್ಲೇ ಮೀನು ಬಾಯಿ ಹಾಕುತ್ತದೆ.

ನಾನು ಮೊದಲ ದಿನವೇ ಮೀನು ಹಿಡಿದೆ. ಮೈಯುದ್ದಕ್ಕೂ ಗುಲಾಬಿ ಪಟ್ಟಿಯಿದ್ದ ಚೆಂದದ ಟ್ರೌಟ್. ಫಣಿ ಅದರ ಬಾಯಿಯಿಂದ ನನ್ನನ್ನು ಬಿಡಿಸಿ, ಅದು ಈಜಿ ಹೋಗುವುದನ್ನು ನೋಡುತ್ತಾ "ಅಪ್ಪಾ" ಎಂದ. ನನಗೆ ಅಳು ಬಂತು. ಅವನು ನನ್ನನ್ನು ಏಕೆ ಎಸೆಯುತ್ತಾನೆಂದು ಅಂದು ತಿಳಿಯಿತು. ಎಸೆದಷ್ಟು ಸಲವೂ ನಾನು ಅವನ ಕೈಗೆ ವಾಪಸು ಬರುತ್ತಿದ್ದೆ.

ನನ್ನ ನಿಜವಾದ ಭಯ ಶುರುವಾದದ್ದು ಆಮೇಲೆ. ಬೇರೆ ಲೂರು ಬಂಡೆಗೆ ಸಿಕ್ಕಿದರೆ ಫಣಿ ದಾರ ಜಗ್ಗಿ ಕಡಿದುಬಿಡುತ್ತಿದ್ದ. ನಾನು ಸಿಕ್ಕಿಕೊಂಡರೆ ನೀರಿಗಿಳಿಯುತ್ತಿದ್ದ. ಮೊದಲು ಮೊಣಕಾಲುದ್ದ, ಆಮೇಲೆ ಸೊಂಟದುದ್ದ. ಒಂದು ಸಲ ಪಾಚಿಯ ಮೇಲೆ ಕಾಲು ಜಾರಿ ಮುಳುಗಿಯೇ ಎದ್ದ. ಅವನಿಗೆ ಈಜು ಬಾರದು. ತಂದೆಯ ಬಾಯಿಗೆ ಕೊನೆಯ ನೀರು ಹಾಕಿದ ನಾನು ಮಗನಿಗೂ ನೀರು ಕುಡಿಸುತ್ತೇನೋ ಎಂದು ಡಬ್ಬಿಯೊಳಗೆ ತಣ್ಣಗಾಗುತ್ತಿದ್ದೆ. ಅವನು ನನ್ನನ್ನು ಆರಿಸದಿರಲಿ ಎಂದು ಸ್ಪಿನ್ನರಿನ ಕೆಳಗೆ ಅಡಗುತ್ತಿದ್ದೆ. ಅವನ ಬೆರಳು ಹುಡುಕಿ ನನ್ನನ್ನೇ ಎತ್ತುತ್ತಿತ್ತು.

ಒಂದು ಭಾನುವಾರ ಭಾಗೀರತಮ್ಮ, "ನಾನೂ ನೋಡ್ತೀನಿ ನಿನ್ನ ಪರಾಕ್ರಮಾನ" ಎಂದು ಮೊಸರನ್ನ ಕಟ್ಟಿಕೊಂಡು ಹೊರಟರು. ಮೇಲೆ ಮಳೆಯಾಗಿ ತೊರೆ ಕೆಂಪಾಗಿ ಹರಿಯುತ್ತಿತ್ತು. ಫಣಿ ಸ್ಪಿನ್ನರ್ ಕಟ್ಟಿದ. ನನಗೆ ನೆಮ್ಮದಿಯಾಯಿತು. ಎಷ್ಟು ಎಸೆದರೂ ಒಂದು ಮೀನೂ ಬರಲಿಲ್ಲ.

"ಮೀನು ನಿನಗಿಂತ ಜಾಣ ಕಣೋ" ಎಂದರು ತಾಯಿ, ಬಂಡೆಯ ಮೇಲೆ ಕೂತು.

ಫಣಿಗೆ ಮುಖಭಂಗವಾಯಿತು. ತಾಯಿಗೆ ಬೆನ್ನು ಮಾಡಿ ಡಬ್ಬಿ ತೆರೆದ. ಬೇಡವೋ, ಇದು ಕಲಕು ನೀರು, ತಾಮ್ರದ ಸರದಿಯಲ್ಲ ಎಂದು ನಾನು ಮೊರೆಯಿಟ್ಟೆ. ಕಟ್ಟಿದ, ಎಸೆದ. ಮೂರನೆಯ ಎಸೆತಕ್ಕೆ ನಡುಹೊಳೆಯ ಬಂಡೆಯ ಬುಡದಲ್ಲಿ ನನ್ನ ಗಾಳ ಕಚ್ಚಿಕೊಂಡಿತು.

ಫಣಿ ಗಾಳದ ಕೋಲನ್ನು ದಡದಲ್ಲಿಟ್ಟು, ದಾರ ಹಿಡಿದುಕೊಂಡು ನೀರಿಗಿಳಿದ. ಸೊಂಟ ದಾಟಿತು, ಎದೆ ದಾಟಿತು. ಹರಿವು ಅವನನ್ನು ಓರೆಯಾಗಿ ತಳ್ಳುತ್ತಿತ್ತು.

"ದಾರ ಕಡೀರಿ ಸಾರ್! ಒಂದು ಸ್ಪೂನಿಗೆ ಪ್ರಾಣ ಕೊಡ್ತೀರಾ?" ಭೋಜರಾಜ್ ಕೂಗಿದರು.

"ಅದು ಅಪ್ಪಂದು!"

ಬಾಯಿತಪ್ಪಿ ಬಂದ ಮಾತು. ಭಾಗೀರತಮ್ಮ ಎದ್ದು ನಿಂತರು. ಮೊಸರನ್ನದ ಡಬ್ಬಿ ಉರುಳಿತು. ಅವರಿಗೆ ಎಲ್ಲವೂ ತಿಳಿದುಹೋಗಿತ್ತು.

"ಅಯ್ಯೋ ಪಾಪಿ! ಅಪ್ಪನ ಬಾಯಿಗೆ ನೀರು ಹಾಕಿದ್ದನ್ನ ಮೀನಿನ ಬಾಯಿಗೆ ಹಾಕ್ತಿದೀಯಾ?" ಎನ್ನುತ್ತಾ ಸೀರೆ ನೆನೆಯುವುದನ್ನೂ ನೋಡದೆ ಅವರೂ ನೀರಿಗೆ ಕಾಲಿಟ್ಟರು. ಭೋಜರಾಜ್ ಅವರ ತೋಳು ಹಿಡಿದರು. ಫಣಿ ತಿರುಗಿ ನೋಡಿದ. ಮುಂದೆ ಬಂದರೆ ನಾನು ಸಿಗುತ್ತಿದ್ದೆ, ಇನ್ನೊಂದು ಮಾರೂ ಇರಲಿಲ್ಲ. ಆದರೆ ನಡುವೆ ಆಳದ ಮಡು ಇತ್ತು.

ಆಗ ತಾಯಿಯ ದನಿ ಬದಲಾಯಿತು. "ಫಣಿ, ಅವರು ಹೋಗಿ ಆಯ್ತು ಕಣಪ್ಪಾ. ನಂಗೆ ನೀನು ಬೇಕು. ಬಿಡು, ಮಗಾ."

ದಾರ ನನ್ನನ್ನು ಇನ್ನಷ್ಟು ಬಿಗಿಯಾಗಿ ಎಳೆಯಿತು. ಬಿಡೋ, ಬಿಡೋ ಎಂದು ನಾನೂ ಬೇಡಿಕೊಂಡೆ. ಫಣಿ ದಾರವನ್ನು ಹಲ್ಲಿಗೆ ಕೊಟ್ಟು ಕಡಿದ. ನನ್ನ ಮೈ ಸಡಿಲವಾಯಿತು.

ಸ್ವಲ್ಪ ಹೊತ್ತಿನ ಮೇಲೆ ಒಂದೊಂದೇ ಅನ್ನದ ಅಗುಳು ತೇಲಿ ಬಂತು. ಉರುಳಿದ ಮೊಸರನ್ನವನ್ನು ಭಾಗೀರತಮ್ಮ ನೀರಿಗೆ ಹಾಕುತ್ತಿದ್ದರು. ಮರಿಮೀನುಗಳು ಬಂದು ನನ್ನ ಸುತ್ತ ಅದನ್ನು ತಿಂದವು.

ಎಷ್ಟೋ ಮಳೆ ಕಳೆದಿದೆ. ಗಾಳ ತುಕ್ಕು ಹಿಡಿದು ಉದುರುತ್ತಿದೆ, ಇನ್ನು ಯಾವ ಮೀನಿಗೂ ನನ್ನಿಂದ ನೋವಿಲ್ಲ. ನನ್ನ ಮೈ ಹಸಿರುಗಟ್ಟಿದೆ. ಆದರೂ ಪುಕ್ಕಲು ಬುದ್ಧಿ ಹೋಗಲಿಲ್ಲ. ನೀರು ತಿಳಿಯಾದಾಗಲೆಲ್ಲ ಫಣಿ ನನ್ನನ್ನು ಕಂಡು ಮತ್ತೆ ಇಳಿದುಬಿಟ್ಟರೆ ಎಂಬ ದಿಗಿಲು.

ಮೊನ್ನೆ ಅವನು ಬಂದ. ದಡದ ಬಂಡೆಯ ಮೇಲೆ ಅವನ ತಾಯಿ. ಮಡುವಿನತ್ತ ಬಾಗಿ ಬಹಳ ಹೊತ್ತು ನೋಡಿದ. ನಾನು ಮರಳಿನೊಳಗೆ ಇನ್ನಷ್ಟು ಹುದುಗಲು ನೋಡಿದೆ. ಅವನು ಎದ್ದು ಸ್ಪಿನ್ನರ್ ಎಸೆದ. ಅದೂ ನನ್ನ ಬಂಡೆಗೇ ಸಿಕ್ಕಿಕೊಂಡಿತು. ಫಣಿ ಎರಡು ಸಲ ಜಗ್ಗಿದ. ನೀರಿಗೆ ಕಾಲಿಡಲಿಲ್ಲ. ದಾರ ಟಪ್ಪೆಂದು ತುಂಡಾಯಿತು.

ಮೇಲಿನಿಂದ ತಾಯಿ ಕೇಳಿದರು: "ಬಿಟ್ಟೆಯೇನೋ?"

"ಬಿಟ್ಟೆ, ಅಮ್ಮ."