ಮೂಗು ಸೋರದವಳು

ಊರಿಗೆ ಊರೇ ಕೆಮ್ಮುತ್ತಿದ್ದ ಕಾಲ. ಆಸ್ಪತ್ರೆಯಲ್ಲಿ ಬೆಂಚು ಸಾಲದೆ ಜನ ಮೆಟ್ಟಿಲ ಮೇಲೂ ಕೂತು ಕೆಮ್ಮುತ್ತಿದ್ದರು; ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಶುರು, ಪಾಳಿ ಹಾಕಿಕೊಂಡ ಹಾಗೆ. ಕೇಳಿ ಕೇಳಿ ಡಾಕ್ಟರಮ್ಮನ ಕಿವಿ ಜಡ್ಡುಗಟ್ಟಿತ್ತು. ಜೊತೆಯ ಡಾಕ್ಟರುಗಳಿಬ್ಬರೂ ಅದೇ ಫ್ಲೂ ಹಿಡಿದು ಮಲಗಿದ್ದರಿಂದ ಮೂವರ ಕೆಲಸ ಇವಳೊಬ್ಬಳ ತಲೆ ಮೇಲೆ ಬಿದ್ದಿತ್ತು. ಬಂದವರ ಮುಖ ನೋಡುವ ತ್ರಾಣವೂ ಉಳಿದಿರಲಿಲ್ಲ. ಜ್ವರವೇ? ಹೂಂ. ಕೆಮ್ಮೇ? ಹೂಂ. ತಗೊಳ್ಳಿ ಮಾತ್ರೆ, ಬಿಸಿನೀರು ಕುಡೀರಿ, ಮುಂದಿನವರು ಬನ್ನಿ. ತಪ್ಪೆನ್ನುವಂತೆಯೂ ಇರಲಿಲ್ಲ, ಎಲ್ಲರದೂ ಒಂದೇ ಕಾಯಿಲೆ.

ಮಧ್ಯಾಹ್ನ ಅವಳ ತಮ್ಮ ಊಟದ ಡಬ್ಬಿ ಹಿಡಿದು ಬಂದ. ಅವನು ಪ್ರಾಣಿಗಳ ಡಾಕ್ಟರು. ಮನೆಯವರ ಬಾಯಲ್ಲಿ ಮಾತ್ರ ಬೆಕ್ಕಿನ ಡಾಕ್ಟರು.

"ಎರಡು ತುತ್ತು ತಿನ್ನಕ್ಕ. ಬಿದ್ದುಹೋಗೋ ಹಾಗಿದ್ದೀಯ."

"ತಿನ್ನೋದಕ್ಕೂ ಸುಸ್ತು."

"ನಿನ್ನ ರೋಗಿಗಳಿಗಾದ್ರೂ ಬಾಯಿದೆ, ಕೇಳಿದ್ರೆ ಹೇಳ್ತಾರೆ. ನನ್ನವು ಸಾಯೋವರೆಗೂ ತುಟಿ ಪಿಟಕ್ಕನ್ನಲ್ಲ." ಅಲ್ಲಿಗೆ ಅವನ ನಗು ನಿಂತಿತು. ಡಬ್ಬಿ ಬರೀ ನೆಪವಾಗಿತ್ತು. "ಮೊನ್ನೆ ಒಂದು ಬೆಕ್ಕು ಬಂದಿತ್ತು. ಗದ್ದದ ಕೆಳಗೆ ಇಷ್ಟು ದೊಡ್ಡ ಗಂಟು, ಮೈ ಸುಡ್ತಿತ್ತು. ಕೆಮ್ಮಿ ಕೆಮ್ಮಿ ಮೇಜಿನ ಮೇಲೇ ಪ್ರಾಣ ಬಿಡ್ತು. ಗಂಟಿನ ಕೀವು ಪರೀಕ್ಷೆಗೆ ಕಳಿಸಿದ್ದೆ. ಈಗ ಫೋನ್ ಮಾಡಿದ್ರು, ಪ್ಲೇಗ್ ಇರೋ ಹಾಗಿದೆ ಅಂತಾರೆ. ನಾನು ಮಾಸ್ಕ್ ಹಾಕಿದ್ದೆ. ಅದನ್ನ ಸಾಕಿದ ಹೊಲಿಗೆಯವಳು ಮಾತ್ರ ಮುಖಕ್ಕೆ ಮುಖ ಕೊಟ್ಟು ಅಳ್ತಿದ್ಳು. ಫೋನ್ ಮಾಡಿದ್ರೆ ಎತ್ತುತ್ತಿಲ್ಲ."

ಡಾಕ್ಟರಮ್ಮನ ತುತ್ತು ಕೈಯಲ್ಲೇ ಉಳಿಯಿತು. "ಕೊರಳಲ್ಲಿ ಅಳತೆ ಟೇಪು ಹಾಕ್ಕೊಂಡಿರ್ತಾಳಾ?"

"ಅದನ್ನ ತೆಗೆಯೋದೇ ಇಲ್ಲ ಅವಳು."

ಬೆಳಿಗ್ಗೆ ಆ ಟೇಪು ಎದುರಿಗೇ ಕೂತಿತ್ತು. ಟೇಪು ನೋಡಿದ್ದಳು, ಅದರ ಮೇಲಿನ ಮುಖ ನೋಡಿರಲಿಲ್ಲ. ಈಗ ಒಂದೊಂದೇ ನೆನಪಾಯಿತು. ಸಾಲಿನಲ್ಲಿದ್ದವರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದಾಗ ಅವಳೊಬ್ಬಳ ಕೈ ಮೂಗಿಗೆ ಹೋಗಿರಲಿಲ್ಲ. ಗಂಟಲು ನೋವು ಅಂದಿರಲಿಲ್ಲ. ಎದೆ ಹಿಡ್ಕೊಂಡಿದೆ ಅಂದಿದ್ದಳು, ಅದಕ್ಕೂ ಇವಳು ಹೂಂ ಅಂದುಬಿಟ್ಟಿದ್ದಳು. ನೆಗಡಿ, ಫ್ಲೂ ಸಾಮಾನ್ಯವಾಗಿ ಮೂಗು ಗಂಟಲುಗಳಲ್ಲಿ ತಂಗಿ ಆಮೇಲೆ ಎದೆಗಿಳಿಯುತ್ತವೆ. ಶ್ವಾಸಕೋಶದ ಪ್ಲೇಗಿಗೆ ಅಷ್ಟು ವ್ಯವಧಾನವಿಲ್ಲ. ಮೊದಲ ದಿನ ಕಳೆದ ಮೇಲೆ ಔಷಧ ಕೊಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಆದರೂ ಫ್ಲೂನೇ ಇರಬಹುದಲ್ಲ ಎಂದು ಮನಸ್ಸು ಗೋಗರೆಯಿತು. ಪ್ಲೇಗ್ ಎಂದು ಬಾಯಿ ಬಿಟ್ಟರೆ ಬೆಳಗಿನ ಬೆಂಚಿನವರನ್ನೆಲ್ಲ ಹುಡುಕಬೇಕು, ಊರನ್ನು ಹೆದರಿಸಬೇಕು, ಇಂದಿನ ನಿದ್ದೆಗೂ ಎಳ್ಳುನೀರು ಬಿಡಬೇಕು. ಅವಳಿಗೆ ಅಳು ಬಂತು. ಅಳುತ್ತಲೇ ಕೈ ತೊಳೆದು ಆಂಬುಲೆನ್ಸ್ ಕರೆಸಿದಳು.

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯೇ ಮನೆ. ಬಾಗಿಲಲ್ಲಿ ಹೊಲಿಗೆಯವಳ ಅತ್ತೆ ನಿಂತಿದ್ದಳು. "ಬೆಕ್ಕು ಸತ್ತಿದ್ದಕ್ಕೆ ಊಟ ಬಿಟ್ಟಿದಾಳೆ, ಅದಕ್ಕೇ ನಿಶ್ಶಕ್ತಿ. ಅದಕ್ಕೆಲ್ಲ ಆಂಬುಲೆನ್ಸ್ ಯಾಕೆ?" ಎಂದಳು. ಡಾಕ್ಟರಮ್ಮ ಆಕೆಯ ಮುಖಕ್ಕೂ ಒಂದು ಮಾಸ್ಕ್ ಕಟ್ಟಿ ಒಳಗೆ ಹೋದಳು. ಹೊಲಿಗೆಯವಳು ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ಮಡಿಲಲ್ಲಿದ್ದ ಬಿಳಿ ಬಟ್ಟೆಯ ತುಂಡಿನಲ್ಲಿ ನೀರಿನಂಥ ಕಫ, ಅದರಲ್ಲಿ ನಸುಗೆಂಪು.

"ನಿನ್ನೆ ಹೇಗಿದ್ರಿ?"

"ಸಂಜೆವರೆಗೂ ಮಿಷನ್ ತುಳೀತಿದ್ದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಚಳಿ."

ಇನ್ನೂ ಒಂದು ದಿನ ತುಂಬಿಲ್ಲ. ಡಾಕ್ಟರಮ್ಮ ಇಂಜೆಕ್ಷನ್ ತುಂಬಿದಳು. ಕಫ ಲ್ಯಾಬಿಗೆ ಹೋಗಲಿ, ವರದಿ ಬಂದಾಗ ಬರಲಿ. ಸೂಜಿ ಚುಚ್ಚುತ್ತಾ, ಕೇಳಬಾರದೆಂದುಕೊಂಡದ್ದನ್ನೇ ಕೇಳಿಬಿಟ್ಟಳು. "ಬೆಕ್ಕಿನ ವಿಷಯ ಬೆಳಿಗ್ಗೆ ಯಾಕಮ್ಮಾ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಡಾಕ್ಟ್ರೇ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹಿಂದೆ ಅಷ್ಟು ಜನ ಕಾಯ್ತಿದ್ರು. ಬೆಕ್ಕು ಸತ್ತುಹೋಯ್ತು ಅಂತ ಅತ್ರೆ ನಗ್ತಾರೆ ಅಂತ ಸುಮ್ಮನಾದೆ."

ಡಾಕ್ಟರಮ್ಮ ಸೂಜಿ ಹೊರಗೆಳೆದು ಹತ್ತಿ ಒತ್ತಿದಳು. ನೂರು ಜನರ ಬಾಯಿ ನೋಡಿದ್ದಳು, ಒಬ್ಬರ ಮಾತೂ ಕೇಳಿರಲಿಲ್ಲ.

ಹೊಲಿಗೆಯವಳನ್ನು ಕರೆದುಕೊಂಡು ಆಸ್ಪತ್ರೆಗೆ ಮರಳಿದಾಗ ಹಿರಿಯ ನರ್ಸು ಮಾತ್ರೆ, ನೀರು ಹಿಡಿದು ಕಾದಿದ್ದಳು. "ಬೆಳಿಗ್ಗೆ ನಿಮ್ಮ ಮಾಸ್ಕ್ ಗದ್ದದ ಮೇಲಿತ್ತು, ನಾನೇ ನೋಡಿದೆ. ಇನ್ನು ನೀವೂ ರೋಗಿನೇ. ಅವಳ ಪಕ್ಕದ ಕೋಣೆಗೆ ಹೋಗಿ ಮಲಗಿ. ಬೆಂಚಿನವರನ್ನ ನಾವು ಹುಡುಕ್ತೀವಿ. ಬೇರೆ ಊರಿಂದ ಡಾಕ್ಟರು ಹೊರಟು ಬರ್ತಿದಾರೆ."

ಎಷ್ಟೋ ವಾರಗಳಿಂದ ಹಂಬಲಿಸಿದ ಹಾಸಿಗೆ ಕೊನೆಗೂ ಸಿಕ್ಕಿತು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಮೈಯೆಲ್ಲ ಸೀಸದಂತೆ ಭಾರವಾಗಿದ್ದರೂ ಕಣ್ಣು ಮುಚ್ಚಲಿಲ್ಲ. ತೆಳು ಗೋಡೆಯಾಚೆ ಹೊಲಿಗೆಯವಳು ಕೆಮ್ಮುತ್ತಿದ್ದಳು. ಕೆಮ್ಮು ಕೇಳಿದಾಗೆಲ್ಲ ಡಾಕ್ಟರಮ್ಮನಿಗೆ ಹೋದ ಜೀವ ಬಂದ ಹಾಗಾಗುತ್ತಿತ್ತು. ಆಮೇಲೆ ಅದೂ ನಿಂತಿತು. ಔಷಧಿ ಹತ್ತಿ ನಿದ್ದೆ ಬಂದಿರಬಹುದು. ಬೇರೆಯೂ ಇರಬಹುದು.

ಎದ್ದು ಗೋಡೆಗೆ ಕಿವಿ ಹಚ್ಚಿದಳು. "ಕೆಮ್ಮು ತಾಯಿ," ಎಂದಳು ಮೆಲ್ಲಗೆ, "ಇನ್ನೊಂದು ಸಲ ಕೆಮ್ಮು."

ಬಹಳ ಹೊತ್ತಾದ ಮೇಲೆ ಆಚೆಯಿಂದ ಸಣ್ಣಗೆ ಒಂದು ಕೆಮ್ಮು ಕೇಳಿಸಿತು. ಡಾಕ್ಟರಮ್ಮ ಹಾಸಿಗೆಗೆ ಹೋಗದೆ ಗೋಡೆಗೆ ಆತುಕೊಂಡು ನೆಲದ ಮೇಲೇ ಕೂತಳು, ಮುಂದಿನದಕ್ಕೆ ಕಾಯುತ್ತಾ.