ಮುನಿವೆಂಕಟಪ್ಪನವರ ಎಡೆಗೆ ಯಾವ ವಿಸ್ಕಿ?

ಕೆಂಪರಾಜನಿಗೆ ತನ್ನ ನಾಲಿಗೆಯ ಮೇಲಿದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ. ಕೃಷ್ಣರಾಜಪುರದ ಆಚೆ ಸ್ವಿಚ್ಚು, ಪ್ಲಗ್ಗು ಮಾಡುವ ಒಂದು ಕಾರ್ಖಾನೆಯಲ್ಲಿ ಅವನು ಕ್ವಾಲಿಟಿ ಇನ್‌ಸ್ಪೆಕ್ಟರ್. ದಿನವಿಡೀ ಸ್ವಿಚ್ಚುಗಳನ್ನು ಬೆಳಕಿಗೆ ಹಿಡಿದು ‘ಪಾಸ್’, ‘ರಿಜೆಕ್ಟ್’ ಎಂದು ಹೇಳಿ ಹೇಳಿ, ಲೋಕದಲ್ಲಿರುವ ವಸ್ತುಗಳೆಲ್ಲ ತನ್ನ ತೀರ್ಪಿಗಾಗಿ ಸಾಲು ನಿಂತಿವೆ ಎಂಬ ಭ್ರಮೆ ಅವನಿಗೆ ಹತ್ತಿಬಿಟ್ಟಿತ್ತು. ಹೆಂಡತಿ ಧನಲಕ್ಷ್ಮಿಯ ಬಸ್ಸಾರನ್ನು ರಿಜೆಕ್ಟ್ ಮಾಡಲು ಹೋಗಿ ಒಂದು ವಾರ ಕ್ಯಾಂಟೀನಿನಲ್ಲಿ ಉಂಡದ್ದುಂಟು. ಆದರೂ ಬುದ್ಧಿ ಬರಲಿಲ್ಲ. ಈಗ ಹೇಳಹೊರಟ ಕಥೆಯನ್ನು ಆಮೇಲೆ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದವನೂ ಅವನೇ, ಆದ್ದರಿಂದ ನಾವು ಸಂಕೋಚಪಡಬೇಕಾದದ್ದಿಲ್ಲ.

ಅವನ ಅಪ್ಪ ಮುನಿವೆಂಕಟಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬದಲ್ಲೇ ಈ ನಾಲಿಗೆಗೆ ಪೆಟ್ಟು ಬಿತ್ತು. ಬಾಣಸವಾಡಿಯ ಹಳೇ ಊರಿನ ಮನೆಗಳಲ್ಲಿ, ಹೊಲಗಳೆಲ್ಲ ಸೈಟುಗಳಾಗಿ ಸೈಟುಗಳೆಲ್ಲ ಬಾಡಿಗೆ ಮನೆಗಳಾದ ಮೇಲೂ, ಮಹಾಲಯ ಅಮಾವಾಸ್ಯೆಗೆ ಎಡೆ ಇಡುವುದು ಮಾತ್ರ ನಿಂತಿಲ್ಲ. ತೀರಿಹೋದವರ ಫೋಟೋ ಮುಂದೆ ಬಾಳೆಲೆ ಹಾಸಿ ಅವರಿಗೆ ಇಷ್ಟವಿದ್ದದ್ದನ್ನೆಲ್ಲ ಬಡಿಸುತ್ತಾರೆ. ಮುದ್ದೆ, ಮಟನ್ ಸಾರು, ವಡೆ, ಬೀಡಿ ಸೇದುವವರಿಗೆ ಬೀಡಿ, ಕುಡಿಯುವವರಿಗೆ ಅದೂ. ಸಾಂಬ್ರಾಣಿ ಹಾಕಿ ಎಲ್ಲರೂ ಆಚೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಹಿರಿಯರು ಬಂದು ನೆಮ್ಮದಿಯಾಗಿ ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ ಸದ್ದು ಮಾಡಿ ಒಳಗೆ ಹೋಗುತ್ತಾರೆ.

ಆ ವರ್ಷ ಕೆಂಪರಾಜ ದುಬೈಯಿಂದ ಬಂದಿದ್ದ ನೆಂಟರೊಬ್ಬರ ಕೈಕಾಲು ಹಿಡಿದು ಒಂದು ಸ್ಕಾಚ್ ಬಾಟಲಿ ತಂದು, ಲೋಟಕ್ಕೆ ಸುರಿದು ಎಡೆಗಿಟ್ಟಿದ್ದ. ಬದುಕಿದ್ದಾಗ ಅಪ್ಪನಿಗೆ ಸಿಗದ ವೈಭೋಗ ಸತ್ತ ಮೇಲಾದರೂ ಸಿಗಲಿ ಎಂಬ ಗತ್ತು. ಬಾಗಿಲು ತೆಗೆದಾಗ ಅವನ ತಾಯಿ ಮಾರಕ್ಕ ನೇರವಾಗಿ ಹೋಗಿ ಲೋಟದೊಳಗೆ ಬಗ್ಗಿ ನೋಡಿದಳು.

“ನಿಮ್ಮಪ್ಪ ಮುಟ್ಟೇ ಇಲ್ಲ ಕಣೋ. ಬರ್ಲಿಲ್ಲ ಅವ್ರು,” ಎಂದಳು. ಹಾಗೆಂದವಳು ಆ ದಿನ ಊಟವನ್ನೇ ಮಾಡಲಿಲ್ಲ. ಮರುವರ್ಷ ಬೇರೆ ಸ್ಕಾಚ್ ಇಟ್ಟರೂ ಅದೇ ಮಾತು, ಅದೇ ಉಪವಾಸ. ಮೂಲೆಯಲ್ಲಿ ಕೂತ ಅಮ್ಮನನ್ನು ಕಂಡು ಕೆಂಪರಾಜನೂ ಅರ್ಧಕ್ಕೇ ಎಲೆ ಮಡಿಸಿ ಎದ್ದ. ಈ ಸಲ ಅಮ್ಮ ಉಣ್ಣಲೇಬೇಕು ಎಂದು ಅವನು ನಿರ್ಧರಿಸಿದ.

ಯೋಚಿಸಿದಾಗ ತಪ್ಪು ಹೊಳೆಯಿತು. ಅಪ್ಪ ಕುಡಿಯುತ್ತಿದ್ದದ್ದು ಸ್ಕಾಚಲ್ಲ, ಎಲ್ಲರೂ ಕುಡಿಯುವ ಅಗ್ಗದ ವಿಸ್ಕಿ. ಅವರಿಗೆ ಅದೇ ಬೇಕು. ಆದರೆ ಯಾವುದು? ಮುನಿವೆಂಕಟಪ್ಪ ಸಂಜೆ ಕ್ವಾರ್ಟರ್ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ತಂದು, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಒಂದು ನಗ್ಗಿದ ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದ. ಖಾಲಿ ಬಾಟಲಿಗಳು ಹಳೇ ಪೇಪರಿನವನ ಪಾಲಾಗಿದ್ದವು.

ಮನೆಯಲ್ಲಿ ಕೇಳೋಣವೆಂದರೆ ಕುಡಿತದ ಮಾತನ್ನು ಹೆಂಗಸರ ಮುಂದೆ ಎತ್ತುವ ಪದ್ಧತಿಯೇ ಅಲ್ಲಿರಲಿಲ್ಲ. ಮೀಸೆ ನರೆತರೂ ಕೆಂಪರಾಜ ಒಂದು ಪೆಗ್ ಹಾಕಿದ ದಿನ ಬಾಯ್ತುಂಬ ಸೋಂಪು ಅಗಿದುಕೊಂಡು, ಅಮ್ಮನಿಗೆ ಬೆನ್ನು ಹಾಕಿ ಗೋಡೆ ಸವರಿಕೊಂಡು ಕೋಣೆ ಸೇರುತ್ತಿದ್ದ. ಅಂಥವನು ಅಮ್ಮನ ಬಳಿ ಹೋಗಿ ‘ಅಪ್ಪನ ಬ್ರ್ಯಾಂಡ್ ಯಾವುದು’ ಎಂದು ಕೇಳುವುದುಂಟೆ? ಅವಳಿಗಾದರೂ ಏನು ಗೊತ್ತಿರುತ್ತದೆ?

ಉಳಿದದ್ದು ಒಂದೇ ಸಾಕ್ಷಿ, ಅವನ ನಾಲಿಗೆ. ಚಿಕ್ಕವನಿದ್ದಾಗ ಒಮ್ಮೆ ಹಿತ್ತಲಿನ ಕಲ್ಲಿನ ಮೇಲಿದ್ದ ಆ ಲೋಟದ ತಳದಲ್ಲಿ ಉಳಿದಿದ್ದನ್ನು ಕದ್ದು ಕುಡಿದು ಓಡಿದ್ದ.

“ಆ ಟೇಸ್ಟು ನನ್ ನಾಲ್ಗೇಲಿ ಅಚ್ಚು ಹೊಡ್ದಂಗಿದೆ ಗುರು. ಎಲ್ಲಾ ತಂದಿಡು, ಕಣ್ಮುಚ್ಕೊಂಡು ಕಂಡ್ಹಿಡೀತೀನಿ,” ಎಂದು ಕಾರ್ಖಾನೆಯಲ್ಲಿ ಕೊಚ್ಚಿಕೊಂಡ.

ಕೇಳಿಸಿಕೊಂಡವರು ಇಬ್ಬರು. ಅಕೌಂಟ್ಸ್ ವಿಭಾಗದ ಶ್ರೀನಾಥ್, ಮತ್ತು ಮೆಷಿನ್ ಶಾಪಿನ ಅಕ್ತರ್. ಶ್ರೀನಾಥನ ಬಳಿ ಒಂದು ಇಂಗ್ಲಿಷ್ ಪತ್ರಿಕೆಯಿತ್ತು, ವಿಸ್ಕಿಯನ್ನು ಸವಿಯುವ ಶಾಸ್ತ್ರವೆಲ್ಲ ಅದರಲ್ಲಿತ್ತು. ಫ್ರೇಜರ್ ಟೌನಿನ ಅಕ್ತರ್ ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಹಾಗಾಗಿ ಸುರಿಯುವ ಕೆಲಸಕ್ಕೆ ಅವನಷ್ಟು ನಿಷ್ಪಕ್ಷಪಾತಿ ಬೇರೆ ಯಾರೂ ಇರಲಿಲ್ಲ.

ಮಾರಕ್ಕ ಭಾನುವಾರ ಮಧ್ಯಾಹ್ನಗಳಲ್ಲಿ ಹಲಸೂರಿನ ಮಗಳ ಮನೆಗೆ ಹೋಗುತ್ತಿದ್ದಳು. ಅವಳ ಬಸ್ಸು ತಿರುವು ದಾಟಿತೋ ಇಲ್ಲವೋ, ಮಹಡಿಯ ಕೋಣೆಯಲ್ಲಿ ಪರೀಕ್ಷೆ ಶುರುವಾಗುತ್ತಿತ್ತು. ಅಗ್ಗದ ವಿಸ್ಕಿಗಳ ಹೆಸರುಗಳೆಲ್ಲ ಇಂಗ್ಲೆಂಡಿನ ರಾಜಮನೆತನದವು, ನೆನಪಿಟ್ಟುಕೊಳ್ಳುವುದು ಕಷ್ಟ. ಆದ್ದರಿಂದ ಲೇಬಲ್ಲಿನ ಚಿತ್ರ ನೋಡಿ ಕುದುರೆ, ಕೋಟೆ, ಹಡಗು, ನವಿಲು ಎಂದು ಕರೆದರು. ಅಕ್ತರ್ ಪರದೆಯ ಹಿಂದೆ ಗಾಜಿನ ಲೋಟಗಳ ತಳಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸುರಿದು ತಂದಿಡುತ್ತಿದ್ದ. ಸೋಡಾ ಇಲ್ಲ, ನೀರಿಲ್ಲ. ಪತ್ರಿಕೆಯ ಪ್ರಕಾರ ಅವೆಲ್ಲ ರುಚಿ ತಿಳಿಯದವರ ಕೆಲಸ. ಮೊದಲು ಮೂಸಬೇಕು, ಆಮೇಲೆ ಒಂದು ಗುಟುಕನ್ನು ಬಾಯೆಲ್ಲ ಸುತ್ತಾಡಿಸಿ, ಕಣ್ಣು ಮುಚ್ಚಿ, ಮಾತು ಹುಡುಕಬೇಕು.

ಮೊದಲ ಭಾನುವಾರವೇ ಕುದುರೆ ಬಿದ್ದುಹೋಯಿತು.

“ಥೂ, ರಿಜೆಕ್ಟ್! ಇದ್ರಲ್ಲಿ ನೆಲ ಒರೆಸ್ಬೋದು ಅಷ್ಟೇ. ನಮ್ಮಪ್ಪ ಇಂಥದ್ದು ಕುಡೀತಿದ್ರು ಅಂದ್ರೆ ನಾನು ನಂಬಲ್ಲ,” ಎಂದು ಕೆಂಪರಾಜ ಮುಖ ಸಿಂಡರಿಸಿದ. ಶ್ರೀನಾಥನೂ ಹಾಗೇ ಸಿಂಡರಿಸಿದ. ಕೆಂಪರಾಜನ ಮುಖ ಯಾವ ಕಡೆಗೋ ಶ್ರೀನಾಥನದೂ ಅದೇ ಕಡೆಗೆ. ಕುದುರೆಯ ಬಾಟಲಿಯನ್ನು ಬಿಸಾಡಲು ಮನಸ್ಸಾಗದೆ ಹಳೇ ಟ್ರಂಕಿನಲ್ಲಿ ಬಟ್ಟೆಗಳ ಅಡಿಗೆ ಸೇರಿಸಿದರು.

ಮುಂದಿನ ವಾರ ಅಕ್ತರ್ ಮತ್ತೆ ಲೋಟಗಳನ್ನು ಸಾಲಾಗಿ ಇಟ್ಟ. ಕೆಂಪರಾಜ ಮೊದಲನೆಯದಕ್ಕೆ ‘ಸ್ವಲ್ಪ ಹೊಗೆ’ ಎಂದ. ಎರಡನೆಯದರಲ್ಲಿ ಬೆಲ್ಲದ ಗಾಣದ ವಾಸನೆ ಕಂಡಿತು. ಮೂರನೆಯದನ್ನು ಬಾಯಿಗಿಟ್ಟವನೇ ಲೋಟವನ್ನು ಎದೆಗೆ ಒತ್ತಿಕೊಂಡ. “ಇದೇ ಕಣ್ರೋ! ಇದೇ ನಮ್ಮಪ್ಪನ ಲೋಟ!” ಅವನ ಕಣ್ಣಲ್ಲಿ ನೀರು ಬಂತು. ಶ್ರೀನಾಥನೂ ಕನ್ನಡಕ ತೆಗೆದು ಒರೆಸಿಕೊಂಡ. ನಾಲ್ಕನೆಯದನ್ನು ಮಾತ್ರ ಕೆಂಪರಾಜ ರಿಜೆಕ್ಟ್ ಎಂದು ದೂರ ತಳ್ಳಿದ.

ಅಕ್ತರ್ ಕಾಂಗ್ರೆಸ್ ಕಡಲೆಕಾಯಿ ತಿನ್ನುತ್ತಾ ಅವನನ್ನೇ ನೋಡುತ್ತಿದ್ದ. ಆಮೇಲೆ ಪರದೆ ಸರಿಸಿದ. ಅಲ್ಲಿದ್ದದ್ದು ನವಿಲಿನ ಬಾಟಲಿ ಒಂದೇ.

“ನಾಲ್ಕೂ ಅದೇ ಭಾಯ್,” ಎಂದ. “ನಮ್ ಫ್ಯಾಕ್ಟ್ರೀಲಿ ಇನ್‌ಸ್ಪೆಕ್ಟರ್‌ನ ಚೆಕ್ ಮಾಡೋಕೆ ಒಂದೇ ಪೀಸ್‌ನ ವಾಪಸ್ ವಾಪಸ್ ಕಳಿಸ್ತಾರಲ್ಲ? ನಾನೂ ಹಂಗೇ ಮಾಡ್ದೆ. ಒಂದೇ ಪೀಸ್‌ನ ನೀನು ಪಾಸೂ ಮಾಡ್ದೆ, ರಿಜೆಕ್ಟೂ ಮಾಡ್ದೆ, ಅಪ್ಪಾ ಅಂತ ಅತ್ತೂ ಬಿಟ್ಟೆ!”

ಕೆಂಪರಾಜನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಇಂಗು ತಿಂದ ಮಂಗನಂತಾದ. ಆದರೆ ಇನ್‌ಸ್ಪೆಕ್ಟರ್ ಅಲ್ಲವೆ, ತಪ್ಪು ಮಾಲಿನದ್ದೇ ಹೊರತು ತನ್ನದಲ್ಲ. ಬಾಟಲಿಯ ಕತ್ತಿನ ವಿಸ್ಕಿಯೇ ಬೇರೆ, ತಳದ ವಿಸ್ಕಿಯೇ ಬೇರೆ ಎಂದು ವಾದಿಸಿದ. ಹೇಗೂ ಕಣ್ಣೀರು ತರಿಸಿದ್ದು ನವಿಲು, ಅಂದಮೇಲೆ ಅಪ್ಪನದ್ದೂ ನವಿಲೇ ಎಂದು ತೀರ್ಪು ಕೊಟ್ಟ. ಶ್ರೀನಾಥ್ ಕೈ ಎತ್ತಿ ಅನುಮೋದಿಸಿದ. ಒಳಗೊಳಗೆ ಮಾತ್ರ ಕೆಂಪರಾಜನಿಗೆ ಭಯ ಹುಟ್ಟಿತು. ನಿಜ ಹೇಳಬೇಕೆಂದರೆ ಯಾವ ಲೋಟದಲ್ಲೂ ಆ ಹಳೆಯ ರುಚಿ ಅವನಿಗೆ ಸಿಕ್ಕಿರಲಿಲ್ಲ.

ಅಮಾವಾಸ್ಯೆ ಬಂತು. ಪ್ರತಿ ವರ್ಷದಂತೆ ಅಕ್ತರ್ ಶಿವಾಜಿನಗರದಿಂದ ತಾನೇ ಆರಿಸಿದ ಮಟನ್ ತಂದುಕೊಟ್ಟು, ಊಟಕ್ಕೆಂದು ಜಗುಲಿಯಲ್ಲಿ ಕೂತ. ಸಂಜೆ ದೀಪ ಹಚ್ಚಿದ ಮೇಲೆ ಧನಲಕ್ಷ್ಮಿ ಎಡೆ ಬಡಿಸಿದಳು. ಕೆಂಪರಾಜ ಇಂದಿರಾನಗರದಲ್ಲಿ ಕೊಂಡ ಹೊಸ ಗಾಜಿನ ಲೋಟಕ್ಕೆ ನವಿಲನ್ನು ಹನಿ ನೀರೂ ಸೇರಿಸದೆ ಸುರಿದು, ಫೋಟೋ ಮುಂದಿಟ್ಟು ಕೈ ಮುಗಿದ. ‘ಅಪ್ಪಾ, ಹೆಂಗಾದ್ರೂ ಆಗ್ಲಿ, ಒಂದು ಗುಟುಕು ಕುಡ್ಕೊಂಡ್ಹೋಗು. ಅಮ್ಮ ಉಣ್ಣಲ್ಲ’ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಎಲ್ಲರೂ ಆಚೆ ಬಂದರು, ಬಾಗಿಲು ಎಳೆದರು.

ಕೆಮ್ಮಿ ಒಳಗೆ ಹೋದಾಗ ಮಾರಕ್ಕ ಲೋಟ ಎತ್ತಿ ಮೂಸಿದಳು.

“ಇದಲ್ಲ,” ಎಂದಳು ಮಾರಕ್ಕ. ಲೋಟ ಕೆಳಗಿಟ್ಟು ಮೂಲೆಯ ಕಡೆ ತಿರುಗಿದಳು.

ಕೆಂಪರಾಜನಿಗೆ ಅಳು ಬಂದಂತಾಯಿತು. ಮರ್ಯಾದೆ, ಪದ್ಧತಿ ಎಲ್ಲ ಆ ಗಳಿಗೆ ಮರೆತುಹೋಯಿತು. “ಮತ್ತೆ ಯಾವ್ದಮ್ಮಾ? ಯಾವ್ದು ಅಂತ ನಾನು ಎಲ್ಲಿ ಹುಡುಕ್ಲಿ?”

“ಹುಡುಕೋದೇನು? ಕುದುರೆ ಚಿತ್ರ ಇರೋದು. ಅದೇ ನಿನ್ ಟ್ರಂಕಲ್ಲಿ ಬಟ್ಟೆ ಅಡಿ ಐತಲ್ಲ, ಅದು.”

ಜಗುಲಿಯಲ್ಲಿ ಅಕ್ತರ್ ಕೆಮ್ಮಿದ. ಕೆಂಪರಾಜ ಕಿವಿಯವರೆಗೆ ಕೆಂಪಾದ. ಮಾರಕ್ಕ ಇಷ್ಟಕ್ಕೇ ಬಿಡಲಿಲ್ಲ. “ಅದನ್ನ ಹಂಗೇ ಕುಡೀತಾರೇನೋ, ಗಂಟ್ಲು ಸುಟ್ಟೋಗಲ್ವ? ಗೋಲಿ ಸೋಡಾ ಹಾಕ್ಬೇಕು. ಅರ್ಧ ನಿಂಬೆಹಣ್ಣು, ಒಂದು ಚಿಟಿಕೆ ಉಪ್ಪು. ಈ ಗಾಜು ಗೀಜು ಎಲ್ಲ ಎತ್ತು, ಆ ನಗ್ಗಿರೋ ಲೋಟ ತಗೊಂಬಾ.”

“ನಿಂಗೆ... ಇದೆಲ್ಲ ಹೆಂಗಮ್ಮಾ ಗೊತ್ತು?”

ಸೊಸೆ ಪಕ್ಕದಲ್ಲೇ ನಿಂತಿದ್ದಳು. ಮಾರಕ್ಕ ಒಂದು ಕ್ಷಣ ಅವಳ ಕಡೆ ನೋಡಿ, ಸೆರಗು ಸರಿಮಾಡಿಕೊಂಡಳು.

“ಅರ್ಧ ಅವ್ರು, ಅರ್ಧ ನಾನು. ಹೊಲದಲ್ಲಿ ಇಬ್ರೂ ಒಟ್ಟಿಗೆ ಗೇಯ್ತಿದ್ವಿ, ಸಂಜೆ ಮೈಕೈ ನೋವು ಅವ್ರಿಗೊಬ್ರಿಗೇನಾ? ಕೊನೇ ಗುಟುಕು ಯಾವಾಗ್ಲೂ ನಂಗೇ ಅಂತ ಬಿಟ್ಟು ಏಳ್ತಿದ್ರು.” ಅವಳ ದನಿ ಸ್ವಲ್ಪ ಇಳಿಯಿತು. “ಅವ್ರು ಹೋದ್ಮೇಲೆ ಯಾರೂ ಕೊಡ್ಲಿಲ್ಲ.”

ಧನಲಕ್ಷ್ಮಿ ಸದ್ದಿಲ್ಲದೆ ಒಳಗೆ ಹೋಗಿ ನಗ್ಗಿದ ಲೋಟ ತೊಳೆದು ತಂದಳು. ಕೆಂಪರಾಜ ಮಹಡಿಗೆ ಓಡಿದ. ಅಕ್ತರ್ ಯಾರೂ ಹೇಳದೆಯೇ ಸ್ಕೂಟರ್ ಹತ್ತಿದ. ಗೋಲಿ ಸೋಡಾ ಆಗಲೇ ಅಪರೂಪವಾಗಿತ್ತು, ಮರ್ಫಿ ಟೌನಿನ ಪೆಟ್ಟಿಗೆ ಅಂಗಡಿಯವರೆಗೆ ಹೋಗಿ ಎರಡು ಬಾಟಲಿ ಹಿಡಿದು ಬರುವ ಹೊತ್ತಿಗೆ ಎಡೆಯ ಸಾರು ಆರಿ ಮೇಲೆ ಕೊಬ್ಬು ಕಟ್ಟಿತ್ತು. ಯಾರಿಗೂ ಬೇಸರವಾಗಲಿಲ್ಲ.

ಮತ್ತೆ ಸಾಂಬ್ರಾಣಿ ಹಾಕಿದರು. ಮತ್ತೆ ಎಲ್ಲರೂ ಆಚೆ ಬಂದರು, ಮಾರಕ್ಕ ಬರಲಿಲ್ಲ. ಹಿರಿಯರು ಉಣ್ಣುವಾಗ ಒಳಗೆ ಇರಬಾರದಮ್ಮ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೆಂಪರಾಜ ಬಾಗಿಲು ಎಳೆದುಕೊಂಡು ಜಗುಲಿಯಲ್ಲಿ ಕೂತ. ಒಳಗೆ ಗೋಲಿ ಒತ್ತಿದ ಸದ್ದು ಕೇಳಿಸಿತು, ಸೋಡಾ ಬುಸ್ಸೆಂದಿತು. ಆಮೇಲೆ ಮಾರಕ್ಕ ಏನೋ ಮೆಲ್ಲಗೆ ಮಾತಾಡುತ್ತಿದ್ದಳು. ಯಾರ ಜೊತೆ ಎಂದು ಯಾರೂ ಕೇಳಲಿಲ್ಲ.

ಕೆಮ್ಮಿ ಒಳಗೆ ಹೋದಾಗ ಲೋಟ ಅರ್ಧವಾಗಿತ್ತು. ಮಾರಕ್ಕನ ತುಟಿ ಒದ್ದೆಯಾಗಿತ್ತು.

“ಬಂದಿದ್ರು,” ಎಂದಳು. “ಧನಲಕ್ಷ್ಮೀ, ಊಟಕ್ಕೆ ಬಡಿಸಮ್ಮ, ಹೊಟ್ಟೆ ಹಸೀತೈತೆ.” ಆಮೇಲೆ ಮಗನ ಕಡೆ ಲೋಟ ಚಾಚಿದಳು. “ತಗೋ, ನಿಮ್ಮಪ್ಪನ ಪ್ರಸಾದ.”

ಜೀವಮಾನದಲ್ಲಿ ಮೊದಲ ಸಲ ಕೆಂಪರಾಜ ಅಮ್ಮನ ಎದುರು ನಿಂತು ಕುಡಿದ. ಉಪ್ಪು, ಹುಳಿ, ಮೂಗಿಗೇರುವ ಸೋಡಾ, ಅದರಡಿಯಲ್ಲಿ ಅವನು ನೆಲ ಒರೆಸಲು ಹೇಳಿದ್ದ ಅದೇ ಕುದುರೆ. ಅದೇ ರುಚಿ, ಹಿತ್ತಲಿನ ಕಲ್ಲಿನ ಮೇಲಿದ್ದ ಲೋಟದ್ದೇ. ಪಾಸ್ ಎಂದು ಹೇಳಲು ಹೊರಟವನಿಗೆ ನಾಚಿಕೆಯಾಯಿತು. ಕಣ್ಣು ಮುಚ್ಚಿಕೊಂಡು ಮತ್ತೊಂದು ಗುಟುಕು ಕುಡಿದ, ಇನ್ನೊಂದು ಕುಡಿದ.

ಮಾರಕ್ಕ ಅವನ ಮಣಿಕಟ್ಟು ಹಿಡಿದಳು.

“ಸಾಕು ಕೊಡೋ. ಕೊನೇ ಗುಟುಕು ನಂದು. ಚಿಕ್ಕೋನಿದ್ದಾಗ ಒಂದ್ಸಲ ಕದ್ಕೊಂಡು ಕುಡ್ದಿದ್ದು ಸಾಲ್ದೇನೋ?”