ತೊಟ್ಟಿಲಿನ ನಾಕನೇ ಕಾಲು

ಹುಮನಾಬಾದದಾಗ ಗಯಾಬಾಯಿಯಂಗ ಒಣಗಸಾಕಿ ಇನ್ನೊಬ್ಬಾಕಿ ಹುಟ್ಟಿಲ್ರಿ. ಆಕಿ ಮಾಳಗಿ ಮ್ಯಾಲ ಹಪ್ಪಳ ಹಾಸಿದ್ರ ಮೋಡ ಹೆದರಿ ನಾರಾಯಣಪುರದ ಕಡಿ ಹೊಳ್ಳತಿದ್ವು. ಇದರಾಗ ಅರ್ಧ ಸುಳ್ಳು ಅದ, ಮೊದಲೇ ಹೇಳಿಬಿಡ್ತೀನಿ. ಹಪ್ಪಳ ಖರೆ, ಮೋಡ ಸುಳ್ಳು.

ನಮ್ಮ ಸೀಮಿ ಮೈಸೂರು ರಾಜ್ಯಕ್ಕ ಕೂಡಿ ನಾಕೈದು ವರ್ಷ ಆಗಿತ್ತು. ಗಯಾಬಾಯಿ ಮಗಳು ಶೇವಂತಾ ಚೊಚ್ಚಲ ಬಸರಿ, ಕಲ್ಯಾಣದಿಂದ ತವರಿಗೆ ಬಂದಿದ್ಲು. ಕೂಸಿಗೆ ಐದು ತಿಂಗಳಾದ ಮ್ಯಾಲ ತಾಯಿ-ಕೂಸಿನ ಜೋಡಿ ತೊಟ್ಟಿಲಾನೂ ಕಳಿಸಬೇಕು. ಬೀಗತಿ ತುಳಜಾಬಾಯಿ ಮುಂದ ಗಯಾಬಾಯಿ ಎದಿ ತಟ್ಟಿ ಅಂದಿದ್ಲು, "ನಮ್ಮ ಹೊಲದ ಬೇವಿಂದೇ ತೊಟ್ಟಿಲ ಕೊಡ್ತೇವ್ರಿ. ಕೂದಲಷ್ಟು ಬಿರುಕು ಕಂಡ್ರ ನನಗ ಕೇಳ್ರಿ."

"ಕೇಳ್ತೀನ್ರಿ," ಅಂದ್ಲು ತುಳಜಾಬಾಯಿ, ಎಲಿ ಅಡಕಿ ಜಗಕೋತ. "ಕೇಳದ ಬಿಡಾಕಿ ಅಲ್ಲ ನಾನು."

ಬೇವು ಕಡಿದ್ರು. ಹಸಿ ಕಟಗಿ, ಇನ್ನೂ ನೀರು ಜಿನುಗಾಕತ್ತಿತ್ತು. ಗಯಾಬಾಯಿ ಕಾಲಿಗಂತ ತುಂಡು ಮಾಡಿಸಿ, ಹಪ್ಪಳದ ಬಾಜೂಕ ಸುಡುಸುಡು ಬಿಸಲಾಗ ಹಾಸಿದ್ಲು. ಮಧ್ಯಾಹ್ನ ಹೊಳ್ಳಿಸಿ ಬ್ಯಾರೆ ಹಾಕಿದ್ಲು. ನಾಕನೇ ದಿನಕ್ಕ ಒಂದೊಂದು ತುಂಡೂ ಬೆಕ್ಕು ನುಗ್ಗುವಷ್ಟು ಬಾಯಿ ಬಿಟ್ಟಿತ್ತು.

ಕಟಗಿ ತಿರುವಿ ಗುಂಡಗ ಕೆತ್ತೋ ಖರಾದಿ ಮಹಾರುದ್ರಪ್ಪ ನೋಡಿ ನಕ್ಕ. "ಎಣ್ಣ್ಯಾಗ ಯಾಕ ಕರೀಲಿಲ್ಲ ಯವ್ವಾ? ಕಟಗಿ ಸಾವಕಾಶ ಒಣಗಬೇಕು. ಬ್ಯಾರೆ ತುಂಡು ತರ್ರಿ, ಹಸೀದು ಇದ್ದಾಗೇ ದಪ್ಪಗ ತಿರುವಿ ಕೊಡ್ತೀನಿ. ಆಮ್ಯಾಲ ಎರಡು ದಾರಿ ಅವ. ಒಂದು, ಕುದಿಸಿ ನೆರಳಾಗ ಇಡೋದು. ಇಲ್ಲಂದ್ರ ತುದಿಗೆ ಸೆಗಣಿ ಮೆತ್ತಿ ಜೋಳದ ಹೊಟ್ಟಿನಾಗ ಹುಗದು ಮರತುಬಿಡೋದು. ಆರು ತಿಂಗಳು ಮುಟ್ಟಬಾರದು."

ಗಂಡ ದಿಗಂಬರ, "ಕುದಿಸೋಣು," ಅಂದ. ಅಂವ ಹಾಂಗ ಅಂದ ಮ್ಯಾಲ ಗಯಾಬಾಯಿ ಹೊಟ್ಟಿನ ದಾರೀನೇ ಹಿಡೀಬೇಕಲ್ಲ.

"ಬೀಗತಿಗೆ ತೊಟ್ಟಿಲ ಸಾರು ಬಡಸ್ತೀರೇನು?" ಅಂದ್ಲು.

ಕಡೀಕ ಹೊಸದಾಗಿ ತಿರುವಿಸಿದ ನಾಕು ಕಾಲಿನಾಗ ಎರಡು ಆತನ ಹಂಡೇದಾಗ, ಎರಡು ಆಕಿ ಹೊಟ್ಟಿನಾಗ.

ದಿಗಂಬರ ಕುದಿಸಿದ, ಪಡಸಾಲಿ ಮೂಲ್ಯಾಗ ಇಟ್ಟ, ಮರತ. ಮರಿಯೂದರಾಗ ಅಂವ ಭಾಳ ಶಾಣ್ಯಾ. ಗಯಾಬಾಯಿ ಕೈ ಸುಮ್ಮಕ ಇರಬೇಕಲ್ಲ. ಉಪ್ಪಿನಕಾಯಿ ಭರಣಿ ಇಣಕಿದಂಗ ದಿನಾ ಹೊಟ್ಟು ಕೆದರಿ, ಮ್ಯಾಲಿನ ಕಾಲು ಹೊರಗ ತಗದು, ಒಣಗಿತೋ ಇಲ್ಲೋ ಅಂತ ಬಿಸಲಿಗೆ ಹಿಡೀತಿದ್ಲು. ತೆಳಗಿನ ಕಾಲು ಆಕಿ ಕೈಗೆ ಸಿಗಲಿಲ್ಲ, ಪಾರಾತು.

ಶೇವಂತಾಗ ಗಂಡು ಹುಟ್ತು. ಐದನೇ ತಿಂಗಳಿಗೆ ತೊಟ್ಟಿಲು ತಯಾರಾತು. ಮೂರು ಕಾಲು ಕನ್ನಡಿಯಂಗ. ದಿನಾ ಬಿಸಲು ಕಂಡಿದ್ದ ಆ ನಾಕನೇದಕ್ಕ ಮ್ಯಾಲಿಂದ ತೆಳಗಿನ ತನಾ ಬಿರುಕು. ಇನ್ನೊಂದು ಒಣಗಸಾಕ ವ್ಯಾಳ್ಯಾ ಇರಲಿಲ್ಲ.

ತುಳಜಾಬಾಯಿ ಬಂದ್ಲು. ಒಂದೊಂದೇ ಕಾಲಿಗೆ ಕೈ ಆಡಸಾಕತ್ತಿದ್ಲು. ಗಯಾಬಾಯಿ ನಾಕನೇ ಕಾಲಿಗೆ ಬೆನ್ನು ಹಚ್ಚಿ ಕುಂತ್ಲು. ಚಾ ಬಂತು, ಏಳಲಿಲ್ಲ. ಕೂಸು ಅಳ್ತು, ಏಳಲಿಲ್ಲ.

"ಬೆನ್ನು ನೋಯಾಕತ್ತದೇನ್ರಿ, ಬೀಗತೀ?"

"ಹೌದ್ರಿ, ಭಾಳ."

"ಏಳ್ರಿ, ತಿಕ್ತೀನಿ," ಅಂತ ತುಳಜಾಬಾಯಿ ರಟ್ಟಿ ಹಿಡದು ಎಬ್ಬಿಸೇಬಿಟ್ಲು. ಬಿರುಕಿನಾಗ ಬೆರಳಿಟ್ಟು, ತಣ್ಣಗ ಕೇಳಿದ್ಲು, "ಈ ಕಾಲು ಯಾರು ಒಣಗಿಸಿದ್ರಿ?"

ಗಯಾಬಾಯಿ ಬೀಗತಿ ಮಾರಿ ನೋಡಿದ್ಲು. ಬಾಗಲದಾಗ ಚಾ ಕುಡಿಯಾಕತ್ತಿದ್ದ ದಿಗಂಬರನ ಮಾರಿ ನೋಡಿದ್ಲು. ಯಾರ ಹೆಸರು ಹೇಳಿದ್ದಾಳು? ನೀವೇ ಹೇಳ್ರಿ ನೋಡೂಣು.